ಟ್ಯಾಗಿನ ಕೆಳಗಿನ ಮೂರಂಕಿ

ಭಾನುವಾರ ಮುಂಜಾನೆಯ ನಮಾಜು ಮುಗಿದಿತ್ತು. ಮಾನ್ವಿಯ ಆ ಓಣಿಗೆ ಹಾಲಿನವನ ಸೈಕಲ್ಲು ಇನ್ನೂ ಬಂದಿರಲಿಲ್ಲ. ದಿಲ್ಶಾದ್ ತನ್ನ ಸ್ವಂತದ ಅಸೈನ್‌ಮೆಂಟು ಬರೆಯಲು ಕೂತಳು. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಬಿಳಿಹಾಳೆ. ಹಾಳೆಯನ್ನು ಅಂಗೈಯಿಂದ ಒಮ್ಮೆ ಸವರಿ ಪೆನ್ನು ತೆಗೆದದ್ದೇ ತಡ, ಕೈ ತಾನಾಗಿ ಎಡಗಡೆಯ ಮೇಲ್ಮೂಲೆಗೆ ಹೋಯಿತು. ಹೋಗಿ, ಸಾಸಿವೆಯಷ್ಟು ಸಣ್ಣದಾಗಿ 786 ಎಂದು ಬರೆದು, ಏನೂ ಮಾಡಿಲ್ಲವೆಂಬಂತೆ ಕೆಳಗಿಳಿದು ಬಂತು.

ಬರೆದದ್ದು ಕಣ್ಣಿಗೆ ಬಿದ್ದದ್ದೇ ಅವಳು ಪೆನ್ನು ಕೆಳಗಿಟ್ಟಳು.

ಬೇರೆಯವರಿಗೆ ಬರೆದುಕೊಟ್ಟ ಆ ನಾಲ್ಕರಲ್ಲೂ ಇದನ್ನು ಬರೆದುಬಿಟ್ಟೆನೇ?

ಅವರ ಮನೆಯಲ್ಲಿ ಆ ಮೂರಂಕಿ ಇಲ್ಲದ ಜಾಗವಿಲ್ಲ. ಬಾಗಿಲ ಚೌಕಟ್ಟಿನ ಮೇಲಿದೆ, ಅಕ್ಕಿ ಡಬ್ಬಿಯ ಮುಚ್ಚಳದ ಒಳಗಿದೆ. ಅಪ್ಪ ಗುಲಾಮ್ ದಸ್ತಗೀರ್ ಬಜಾರದ ಅಂಗಡಿಯಲ್ಲಿ ಕೂತು ತಗಡಿನ ಟ್ರಂಕು ಮಾಡುತ್ತಾನೆ. ಒಂದೊಂದು ಟ್ರಂಕಿಗೂ ಮೊದಲ ಮೊಳೆ ಹೊಡೆಯುವ ಮುಂಚೆ ಮುಚ್ಚಳದ ಒಳಮೈಗೆ ಸೀಮೆಸುಣ್ಣದಿಂದ ಅದನ್ನೇ ಬರೆಯುತ್ತಾನೆ. ದೇವರ ಹೆಸರು ಹೇಳಿ ಕೆಲಸ ಶುರು ಮಾಡುವ ಆ ಅರಬ್ಬಿ ಮಾತಿನ ಒಂದೊಂದು ಅಕ್ಷರಕ್ಕೂ ಒಂದು ಬೆಲೆ ಕಟ್ಟಿ ಕೂಡಿಸಿದರೆ ಬರುವ ಲೆಕ್ಕ ಅದು. ಪೂರ್ತಿ ಮಾತನ್ನೇ ಬರೆದರೆ ಕಾಗದ ಎಲ್ಲಿಯಾದರೂ ಬಿದ್ದು ಯಾರದಾದರೂ ಕಾಲಿಗೆ ಸಿಕ್ಕೀತು ಎಂದು ಹಿರಿಯರು ಅಂಕಿಯಲ್ಲಿ ಅಡಗಿಸಿಟ್ಟರು. ದಿಲ್ಶಾದಳಿಗೆ ಉರ್ದು ಅಕ್ಷರ ಕಲಿಸಿದ ಅಜ್ಜಿ ಉಮ್ಮೇ ಕುಲ್ಸುಮ್ ಅಕ್ಷರಕ್ಕಿಂತ ಮೊದಲು ಕಲಿಸಿದ್ದೇ ಈ ಮೂರಂಕಿ. ಹದಿನೈದು ವರ್ಷದಿಂದ ಬರೆದು ಬರೆದು ಅದು ಕಣ್ಣು ಮಿಟುಕಿಸಿದಷ್ಟು ಸಹಜವಾಗಿತ್ತು. ಮಿಟುಕಿಸಿದ್ದು ಯಾರಿಗೆ ನೆನಪಿರುತ್ತದೆ?

ಆದರೆ ಕಾಲೇಜಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ರಾಯಚೂರಿನ ಆ ಕಾಲೇಜಿಗೆ ಸೇರಿದ ಮೊದಲ ವರ್ಷವೇ ವಾದಿರಾಜ ಸರ್ ಅವಳ ಟೆಸ್ಟಿನ ಹಾಳೆಯನ್ನು ಎತ್ತಿ ಹಿಡಿದು ಹೇಳಿದ್ದರು: "ದಿಲ್ಶಾದ್, ಇದನ್ನ ಮನಸ್ಸಿನ್ಯಾಗ ಬರ್ಕೋಮ್ಮಾ. ಹಾಳಿ ಮ್ಯಾಲೆ ಯಾವ ದೇವರ ಗುರುತೂ ಇರಬಾರದು ಅಂತ ನಿಯಮ ಅದ. ನಾ ಸಣ್ಣಾಂವ ಇದ್ದಾಗ 'ಶ್ರೀ' ಬರದು ಬೈಸ್ಕೊಂಡೀನಿ." ಸರ್ ಗಣಿತದ ಮೇಷ್ಟ್ರು, ಆದರೂ ಆಂತರಿಕ ಅಂಕಗಳ ಉಸ್ತುವಾರಿ ಅವರದೇ ಆದ್ದರಿಂದ ಎಲ್ಲ ವಿಷಯದ ಹಾಳೆಗಳೂ ಅವರ ಕೈ ದಾಟಿಯೇ ಹೋಗಬೇಕು. ಅಂದಿನಿಂದ ಅವಳ ಕೈ ಬರೆಯುವುದನ್ನು ಬಿಡಲಿಲ್ಲ, ಜಾಗ ಬದಲಿಸಿತು. ಮೂಲೆಯಲ್ಲಿ ತೂತು ಹೊಡೆದು ಟ್ಯಾಗಿನ ದಾರ ಕಟ್ಟುತ್ತಾರಲ್ಲ, ಆ ಗಂಟಿನ ಅಡಿಗೆ ಸರಿಯಾಗಿ ಮುಚ್ಚಿಹೋಗುವಂತೆ ಬರೆಯತೊಡಗಿತು.

ಇದು ಅವಳ ಸ್ವಂತ ಹಾಳೆಯ ಮಟ್ಟಿಗೆ ಸರಿ. ಕಷ್ಟ ಇದ್ದದ್ದು ಆ ಉಳಿದ ನಾಲ್ಕರದು.

ಲೈಬ್ರರಿಯ ಕಿಟಕಿಯ ಪಕ್ಕದ ಮೇಜಿನಲ್ಲಿ ಹೋದ ಹದಿನೈದು ದಿನ ಕ್ಲಾಸಿನ ನಡುವಿನ ಬಿಡುವಿನಲ್ಲೆಲ್ಲ ಕೂತು ಅವಳು ಕಾಲೇಜಿನ ನಾಲ್ವರ ಅಸೈನ್‌ಮೆಂಟು ಬರೆದುಕೊಟ್ಟಿದ್ದಳು. ಸುಂಕಪ್ಪನಿಗೆ ಬೀಸುಕಲ್ಲಿನ ಹಾಡುಗಳ ಮೇಲೆ ಕನ್ನಡ ಪ್ರಬಂಧ. ಮಲ್ಲಿಕಾಗೆ ಕಾಲುವೆ ನೀರಿನಿಂದ ಸವಳಾದ ಮಣ್ಣಿನ ಮೇಲೆ ರಸಾಯನಶಾಸ್ತ್ರದ್ದು. ದುರುಗೇಶನಿಗೆ ಕಾಮರ್ಸಿನದು, ವಾರದ ಸಂತೆಯಲ್ಲಿ ಬೆಲೆ ಹೇಗೆ ನಿಲ್ಲುತ್ತದೆ ಎಂದು. ವಿಶ್ವೇಶನಿಗೆ ಗಣಿತ. ಮಲ್ಲಿಕಾಳ ಅಕ್ಷರ ದುಂಡಗೆ, ದುರುಗೇಶನದು ಹಿಂದಕ್ಕೆ ವಾಲಿದ್ದು, ಸುಂಕಪ್ಪನದು ಇರುವೆ ಸಾಲು, ವಿಶ್ವೇಶನದು ತಲೆ ದಪ್ಪ ಕಾಲು ಸಣ್ಣ. ನಾಲ್ವರ ಕೈಯನ್ನೂ ನೋಡಿ ನೋಡಿ ಅವರದೇ ಎನ್ನುವಂತೆ ಬರೆದಿದ್ದಳು.

ಯಾಕೆ ಬರೆದಳು ಅಂದರೆ, ಅವಳಿಗೆ ಅದರ ಹಸಿವಿತ್ತು. ಪಿಯುಸಿಯಲ್ಲಿ ವಿಜ್ಞಾನ ಓದಿದ ಹುಡುಗಿ. ಡಿಗ್ರಿಗೆ ಬಂದಾಗ ಅಪ್ಪ ಕೇಳಿದ್ದ, ಪ್ರಾಕ್ಟಿಕಲ್ ಮುಗಿಯುವುದು ಎಷ್ಟಕ್ಕೆ ಎಂದು. ಐದಕ್ಕೆ ಎಂದಳು. ರಾಯಚೂರಿನಿಂದ ಬಸ್ಸು ಹಿಡಿದು ಮಾನ್ವಿ ಸೇರುವುದು? ಏಳಾಗಬಹುದು ಎಂದಳು. ಬಿಎ ಕ್ಲಾಸು? ಒಂದಕ್ಕೆ ಬಿಡುತ್ತಾರೆ ಎಂದಳು. ಹಾಗೆ ಅವಳು ಬಿಎ ಸೇರಿದ್ದು. ಬಿಟ್ಟುಬಂದ ಗಣಿತ, ವಿಜ್ಞಾನಗಳು ಬೇರೆಯವರ ಹೆಸರಿನಲ್ಲಿ ಮತ್ತೆ ಎದುರಿಗೆ ಬಂದಾಗ "ಕೊಡ್ರಿಲ್ಲಿ, ನಾ ನೋಡ್ತೀನಿ" ಎಂದು ತಾನೇ ಕೈ ಚಾಚಿದ್ದಳು.

ಕಾಲೇಜಿಗೆ ಕಳಿಸುವ ದಿನ ಅಪ್ಪ ಇನ್ನೊಂದು ಮಾತೂ ಹೇಳಿದ್ದ. "ಕಾಲೇಜಿಂದ ನಿನ್ನ ಮ್ಯಾಲೆ ಒಂದೇ ಒಂದು ದೂರು ಬಂತಂದ್ರ, ಪುಸ್ತಕ ಇಡಾಕ ಒಂದು ಪೆಟ್ಟಿಗಿ ನಾನs ಮಾಡಿ ಕೊಡ್ತೀನಿ. ಬೀಗನೂ ನಂದs." ಅಪ್ಪ ನಕ್ಕಿರಲಿಲ್ಲ.

ನಿನ್ನೆ ಶನಿವಾರ ಆ ನಾಲ್ವರೂ ಅಸೈನ್‌ಮೆಂಟು ಒಪ್ಪಿಸಿದ್ದರು. ಬೇರೆಯವರದನ್ನು ಬರೆಯುವ ಗಡಿಬಿಡಿಯಲ್ಲಿ ಅವಳದು ಉಳಿದಿತ್ತು. ಸರ್ ಕಟ್ಟನ್ನು ಬಗಲಿಗೆ ಹಾಕಿಕೊಂಡು ದೇವದುರ್ಗದ ತಮ್ಮ ಮನೆಗೆ ಒಯ್ಯುತ್ತ ಹೇಳಿದ್ದರು: "ಉಳಿದವರು ಸೋಮವಾರ ಕೊಡ್ರಿ. ಸೋಮವಾರ ಎಲ್ಲಾ ಟ್ಯಾಗ್ ಬಿಚ್ಚಿ ಮೊದಲ ಪುಟ ಸ್ಕ್ಯಾನ್ ಮಾಡಿ ಯೂನಿವರ್ಸಿಟಿಗೆ ಹಾಕಬೇಕು."

ಟ್ಯಾಗು ಬಿಚ್ಚುತ್ತಾರೆ! ಸುಂಕಪ್ಪ, ಮಲ್ಲಿಕಾ, ದುರುಗೇಶ, ವಿಶ್ವೇಶ: ನಾಲ್ಕು ಹೆಸರು, ನಾಲ್ಕು ಬಗೆಯ ಕೈಬರಹ, ನಾಲ್ಕರ ಮೂಲೆಯಲ್ಲೂ ಒಂದೇ ಸಾಸಿವೆಯಕ್ಷರದ 786. ಇಡೀ ಕಾಲೇಜಿನಲ್ಲಿ ಅದಕ್ಕಾಗಿ ಬೈಸಿಕೊಂಡವಳು ಒಬ್ಬಳೇ.

ದಿಲ್ಶಾದ್ ಎದ್ದಳು, ಕೂತಳು. ನೀರು ಕುಡಿಯಲು ಹೋಗಿ ಚರಿಗೆ ಕೈಯಲ್ಲಿ ಹಿಡಿದು ಕುಡಿಯದೆ ಬಂದಳು. ಬರೆದಿರಲಿಕ್ಕಿಲ್ಲ ಎಂದು ಒಂದು ಗಳಿಗೆ. ಬರೆಯದೆ ಇರಲು ಸಾಧ್ಯವೇ ಎಂದು ಮರುಗಳಿಗೆ. ಕೊನೆಗೆ ಕಂಪಾಸ್ ಪೆಟ್ಟಿಗೆಯಿಂದ ಒಂದು ಬ್ಲೇಡು ತೆಗೆದು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ದಾದಿಮಾ, ದೇವದುರ್ಗಕ್ಕ ಹೋಗಬೇಕು. ಸರ್ ಮನಿಗೆ. ಒಂದು ಹಾಳಿ ಕೊಡೂದು ಉಳದದ."

ಉಮ್ಮೇ ಕುಲ್ಸುಮ್ ಜಪಮಣಿಯಿಂದ ಕಣ್ಣೆತ್ತಿ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದಳು. "ಒಂದು ಹಾಳಿ ಕೊಡಾಕ ಹೊಂಟಾಕಿ ಮುಖ ಹಿಂಗ ಇರೂದಿಲ್ಲ. ತಡಿ, ನಾನೂ ಬರ್ತೀನಿ. ಬುರ್ಖಾ ತಗೊಂಡು ಬಾ."

"ನೀ ಯಾಕ ದಾದಿಮಾ? ಮೊಣಕಾಲು ನೋಯ್ತಾವ ಅಂತಿದ್ದಿ."

"ಬಸ್ಸಿಗೆ ಗಾಲಿ ಅದಾವು. ನನ್ನ ಮೊಣಕಾಲಿನ ಚಿಂತಿ ಅದಕ್ಕ್ಯಾಕ?"

ಸಿರವಾರದಲ್ಲಿ ಬಸ್ಸು ಬದಲಿಸಬೇಕಾಯಿತು. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರು ಅಜ್ಜಿಯ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಯವ್ವಾ, ಇದರಾಗ ಇರಾಕಿ ನೀನs ಏನು?" ಎಂದ.

"ಅದನ್ನ ತಗಿಸ್ದಾಗ ಹಲ್ಲಿದ್ವು ಯಪ್ಪಾ. ಹಲ್ಲಿಗೆ ಬ್ಯಾರೆ ಟಿಕೀಟ್ ಅದ ಏನು?"

ಬಸ್ಸೆಲ್ಲ ನಕ್ಕಿತು. ದಿಲ್ಶಾದಳೊಬ್ಬಳೇ ನಗಲಿಲ್ಲ. ಭತ್ತದ ಗದ್ದೆಗಳು, ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಎದುರಿನ ಲಾರಿಯ ಹಣೆಯ ಮೇಲೆ 786, ದಾಟಿಹೋದ ಆಟೋದ ಬೆನ್ನ ಮೇಲೆ 786. ದಿನಾ ಕಾಣುವುದೇ. ಈ ದಿನ ಮಾತ್ರ ಎಲ್ಲವೂ ತನ್ನನ್ನೇ ನೋಡಿ ಕಿಸಕ್ಕೆಂದಂತೆ ಅನಿಸಿತು. ಅವಳು ಮನಸ್ಸಿನಲ್ಲೇ ಬೇಡಿಕೊಳ್ಳಲು ಹೊರಟಳು, ಏನೆಂದು ಬೇಡುವುದು? ಯಾ ಅಲ್ಲಾ, ನಿನ್ನ ಹೆಸರು ಅಲ್ಲಿ ಇಲ್ಲದಂತೆ ಮಾಡು ಎಂದೇ? ಆ ಮಾತು ನಾಲಿಗೆಯ ಮೇಲೆ ನಿಲ್ಲಲಿಲ್ಲ.

ವಾದಿರಾಜ ಸರ್ ಅವರ ಮನೆ ದೇವದುರ್ಗದ ಹಳೆಯ ಪೇಟೆಯಲ್ಲಿ. ಪಡಸಾಲೆಯಲ್ಲಿ ಸರ್ ಅವರ ತಾಯಿ ತುಂಗಾಬಾಯಿ ಮೊರದ ತುಂಬ ಕಡಲೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಯಾರವ್ವಾ? ವಾದಿರಾಜನ ಕಾಲೇಜಿನಾಕಿ ಏನು? ಬರ್ರಿ, ಒಳಗ ಬರ್ರಿ ಬೀಬಮ್ಮಾರ, ಬಿಸಲಾಗ ಯಾಕ ನಿಂತೀರಿ. ಅಂವ ಮಠಕ್ಕ ಹೋಗ್ಯಾನ, ಈಗ ಬರ್ತಾನ. ಮಜ್ಜಿಗಿ ಕುಡೀರಿ."

ಮಜ್ಜಿಗೆ ಬಂತು. ಅಜ್ಜಿಯರಿಬ್ಬರೂ ಮೊಣಕಾಲಿನ ಮಾತು ತೆಗೆದರು. ಯಾವ ಎಣ್ಣೆ, ಯಾವ ಸೊಪ್ಪು ಎಂದು ಎರಡು ನಿಮಿಷದಲ್ಲಿ ನಲವತ್ತು ವರ್ಷದ ಗುರುತಿನವರಂತಾದರು. ದಿಲ್ಶಾದಳ ಕಣ್ಣು ಮಾತ್ರ ಮೂಲೆಯ ಮೇಜಿನ ಮೇಲೆ. ಅಲ್ಲಿತ್ತು ಕಟ್ಟು. ಕೆಂಪು ಬಟ್ಟೆಯಲ್ಲಿ ಸುತ್ತಿ, ಗಂಟು ಸಡಿಲವಾಗಿ ಇಟ್ಟದ್ದು.

"ನಮ್ಮ ವಿಶ್ವೇಶ ನಿಮ್ಮ ಕಾಲೇಜನ್ಯಾಗೇ ಅದಾನಲ್ಲ," ತುಂಗಾಬಾಯಿ ಹೇಳುತ್ತಿದ್ದರು. "ವಾದಿರಾಜನ ಮಗ. ಲೆಕ್ಕ ಅಂದ್ರ ಹುಡುಗ ಜ್ವರ ಬಂದಂಗ ಮಲಗ್ತಿದ್ದ. ಲೆಕ್ಕದ ಮೇಷ್ಟ್ರ ಮಗಗ ಲೆಕ್ಕ ಬರಂಗಿಲ್ಲ ಅಂತ ಮಂದಿ ಆಡಿಕೊಂಡು ನಗೂದು, ಅಂವ ಒಳಗೊಳಗ ಕೊರಗೂದು. ನಿನ್ನಿ ಏನಾತು ಅಂತೀರಿ? ಮಗನ ಅಸೈನ್‌ಮೆಂಟು ಓದಿ ನನ್ನ ಮಗ ಕಣ್ಣಾಗ ನೀರು ತಂದ! ಅವ್ವಾ, ಎಲ್ಲಾರೂ ಗೈಡ್ ನೋಡಿ ಬರದಾರ, ನಮ್ಮ ವಿಶ್ವೇಶ ಒಬ್ಬನs ಸ್ವಂತ ತಲಿ ಓಡಿಸ್ಯಾನ ಅಂದ. ನಾನು ಅದನ್ನ ಒಯ್ದು ರಾಯರ ಫೋಟೋದ ಮುಂದ ಇಟ್ಟು ಮಂತ್ರಾಕ್ಷತಿ ಹಾಕೀನಿ. ತಡೀರಿ, ನಿಮಗೂ ತೋರಿಸ್ತೀನಿ. ಓದಿದ ಹುಡುಗಿ, ನಿಂಗ ತಿಳೀತದ."

ತುಂಗಾಬಾಯಿ ಮೊರ ಬದಿಗಿಟ್ಟು, ಗೋಡೆ ಹಿಡಿದು ಎದ್ದು, ಕೈಕಾಲು ತೊಳೆದುಕೊಳ್ಳಲು ಹಿತ್ತಿಲಿಗೆ ನಡೆದರು.

ಇಷ್ಟೇ ಹೊತ್ತು ಸಿಗುವುದು. ದಿಲ್ಶಾದ್ ಮೇಜಿನ ಹತ್ತಿರ ಹೋದಳು. ಕೆಂಪು ಬಟ್ಟೆ ಸರಿಸಿದಳು. ಸುಂಕಪ್ಪನದು ಮೇಲೆಯೇ ಇತ್ತು. ದಾರದ ಗಂಟನ್ನು ಬೆರಳಿನಿಂದ ಎಬ್ಬಿಸಿ ನೋಡಿದಳು: ಇತ್ತು. ಮಲ್ಲಿಕಾಳದು: ಇತ್ತು. ದುರುಗೇಶನದರಲ್ಲೂ ಇತ್ತು, ಸ್ವಲ್ಪ ದಪ್ಪಗೇ ಇತ್ತು. ಬ್ಲೇಡು ಬಿಚ್ಚಿ ಸುಂಕಪ್ಪನ ಹಾಳೆಯ ಮೂಲೆಗೆ ಹಿಡಿದಳು. ನಾಲ್ಕು ಸಲ ಕೆರೆದರೆ ಹೋಗುತ್ತದೆ.

ಬ್ಲೇಡು ಹಾಳೆಗೆ ತಾಗಿತು. ಏಳರ ಮೇಲೆ ನಿಂತಿತು. ಮುಂದೆ ಹೋಗಲಿಲ್ಲ.

ಕಾಲಿಗೆ ಸಿಕ್ಕೀತು ಎಂದು ಅಂಕಿಯಲ್ಲಿ ಅಡಗಿಸಿಟ್ಟದ್ದನ್ನು ತಾನು ಬ್ಲೇಡಿನಿಂದ ಕೆರೆಯುವುದೇ? ಕೆರೆಯಬೇಕು, ಇಲ್ಲದಿದ್ದರೆ ನಾಳೆಗೆ ಓದು ಮುಗಿಯಿತು. ಕೈಗೆ ಅಪ್ಪಣೆ ಕೊಟ್ಟಳು. ಬೇಡವೆಂದರೂ ಬರೆಯುತ್ತಿದ್ದ ಆ ಕೈ ಈಗ ಕೆರೆ ಎಂದರೂ ಕೆರೆಯಲಿಲ್ಲ.

ಬೆನ್ನ ಹಿಂದೆ ಅಜ್ಜಿ ಬಂದು ನಿಂತದ್ದು ಗೊತ್ತಾಗಲಿಲ್ಲ. ಉಮ್ಮೇ ಕುಲ್ಸುಮಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಮೂರು ಹಾಳೆಗಳ ಮೂಲೆಯಲ್ಲಿದ್ದದ್ದನ್ನು ಓದಲು ಕನ್ನಡ ಬೇಕಿರಲಿಲ್ಲ.

"ಯೆ ಕಿಸ್‌ಕೆ ಹೈಂ?" ಇವು ಯಾರವು ಎಂದು ಮನೆಯ ಮಾತಿನಲ್ಲೇ ಮೆಲ್ಲಗೆ ಕೇಳಿದಳು.

"ಬ್ಯಾರೆಯವರವು ದಾದಿಮಾ. ನಾ ಬರದು ಕೊಟ್ಟೀನಿ. ಅವರ ಹೆಸರು ಹಾಕಿ."

ಅಜ್ಜಿ ಆ ಅಂಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅಂದಳು: "ಅಲ್ಲಾಕಾ ನಾಂ ಲೇಕೆ ಝೂಟ್ ಲಿಖೀ ಗೇ?"

ದೇವರ ಹೆಸರು ತಗೊಂಡು ಸುಳ್ಳು ಬರೆದೆಯೇನೇ? ಬೈದ ದನಿಯಲ್ಲಿ ಅಲ್ಲ. ಹಾಲು ಒಡೆದಿದೆಯೇನೇ ಎಂದು ಕೇಳುವಾಗಿನ ದನಿಯಲ್ಲಿ. ಲೆಕ್ಕ ಎಲ್ಲಾ ಸರಿ ಇವೆ ದಾದಿಮಾ, ಒಂದಕ್ಷರ ನಕಲಿಲ್ಲ, ಎಂದು ಹೇಳಲು ದಿಲ್ಶಾದ್ ಬಾಯಿ ತೆಗೆದಳು. ಅದಕ್ಕೆ ಮೊದಲೇ ಅಜ್ಜಿ ಅವಳ ಕೈಯಿಂದ ಬ್ಲೇಡು ತೆಗೆದುಕೊಂಡು ಅದೇ ಕಾಗದದಲ್ಲಿ ಸುತ್ತಿ ತನ್ನ ಸೊಂಟದ ಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ತುಂಗಾಬಾಯಿ ತಟ್ಟೆಯಲ್ಲಿ ವಿಶ್ವೇಶನ ಅಸೈನ್‌ಮೆಂಟು ಹಿಡಿದು ಬಂದರು. ಅದರ ಮೇಲೆ ಒಂದಿಷ್ಟು ಮಂತ್ರಾಕ್ಷತೆ, ಒಂದು ತುಳಸಿ ಎಲೆ. ಎಲೆ ಬಿದ್ದದ್ದು ಸರಿಯಾಗಿ ಟ್ಯಾಗಿನ ಗಂಟಿನ ಮೇಲೆ. ಹೊರಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳವಾಯಿತು. ವಾದಿರಾಜ ಸರ್ ಒಳಗೆ ಬಂದರು. ಅವರ ಹಿಂದೆಯೇ ಹಿಟ್ಟಿನ ಡಬ್ಬಿ ಎದೆಗವಚಿಕೊಂಡ ವಿಶ್ವೇಶ. ದಿಲ್ಶಾದಳನ್ನು ಕಂಡದ್ದೇ ಹುಡುಗನ ಮುಖದ ರಕ್ತ ಇಳಿದುಹೋಯಿತು.

"ಏನಮ್ಮಾ, ಇಷ್ಟು ದೂರ? ನಾಳೆ ಕೊಟ್ಟಿದ್ರ ನಡೀತಿತ್ತಲ್ಲ," ಸರ್ ಅಂದರು.

"ಸರ್, ಅದು ನಾ ಬರದದ್ದು."

"ಯಾವ್ದು?"

"ಅಮ್ಮಾರ ಕೈಯಾಗಿರೂದು. ಮತ್ತ ಈ ಮೂರೂ. ಟ್ಯಾಗ್ ಬಿಚ್ಚಿ ನೋಡ್ರಿ ಸರ್. ಮೂಲ್ಯಾಗ ನನ್ನ ಗುರುತದ."

ಸರ್ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. ತುಳಸಿಯೆಲೆಯನ್ನು ಕಣ್ಣಿಗೊತ್ತಿ ಬದಿಗಿಟ್ಟರು. ದಾರದ ಗಂಟನ್ನು ಉಗುರಿನಿಂದ ಬಿಡಿಸಿದರು. ಅವಸರವಿಲ್ಲದೆ ಬಿಡಿಸಿದರು, ಬಿಡಿಸುವುದು ಮುಗಿಯುವುದೇ ಬೇಡ ಎನ್ನುವಂತೆ. ಮೂಲೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

"ವಿಶ್ವೇಶ, ಇಲ್ಲಿ ಬಾ. ಈ ಚಿತ್ರ ಯಾಕ ತಗದಿ ಹೇಳು."

ಹಾಳೆಯ ಮಧ್ಯೆ ಚುಕ್ಕಿಗಳ ಒಂದು ಚೌಕವಿತ್ತು. ಒಂದು, ಮೂರು, ಐದು, ಏಳು ಎಂದು ಬೆಸಸಂಖ್ಯೆಗಳನ್ನು ಮೊದಲಿಂದ ಕೂಡಿಸುತ್ತ ಹೋದರೆ ಎಷ್ಟು ಸಂಖ್ಯೆ ಕೂಡಿಸಿದೆವೋ ಅದರ ವರ್ಗವೇ ಯಾಕೆ ಬರುತ್ತದೆ ಎಂಬುದು ಪ್ರಶ್ನೆ. ವಿಶ್ವೇಶ ಹಿಟ್ಟಿನ ಡಬ್ಬಿಯನ್ನು ಇಳಿಸದೆ ಹಾಗೇ ನಿಂತ. "ಅದು... ಚೌಕ ಅಪ್ಪಾ," ಎಂದ.

"ಚೌಕ ಅಂತ ನನಗೂ ಕಾಣಿಸ್ತದ. ಯಾಕ?"

ಹುಡುಗ ಹೊಸ್ತಿಲು ನೋಡಿದ. ಹೊಸ್ತಿಲು ಏನೂ ಹೇಳಿಕೊಡಲಿಲ್ಲ.

"ದಿಲ್ಶಾದ್, ನೀ ಹೇಳು."

ಅವಳು ನೆಲದ ಮೇಲೆ ಕೂತಳು. ತುಂಗಾಬಾಯಿಯ ಮೊರದಿಂದ ಹಿಡಿ ಕಡಲೆ ತೆಗೆದು ಒಂದು ಕಾಳು ಇಟ್ಟಳು. "ಇದು ಒಂದು ಸರ್." ಅದರ ಬಲಕ್ಕೊಂದು, ಕೆಳಗೊಂದು, ಮೂಲೆಗೊಂದು ಇಟ್ಟಳು. "ಮೂರು ಕೂಡ್ಸಿದ್ವಿ. ಎರಡು ಸಾಲು, ಎರಡೆರಡು. ನಾಲ್ಕಾತು. ಈಗ ಐದು." ಬಲಗಡೆಗೂ ಕೆಳಗಡೆಗೂ ಸುತ್ತಿ ಐದು ಕಾಳು ಇಟ್ಟಳು. "ಮೂರು ಸಾಲು, ಮೂರು ಮೂರು. ಒಂಬತ್ತು. ಪ್ರತಿ ಸಲ ಮೂಲಿ ಸುತ್ತಿ ಒಂದು ಪಟ್ಟಿ ಬಡೀತೀವಿ. ಹಿಂದಿನ ಪಟ್ಟಿಗಿಂತ ಎರಡೇ ಕಾಳು ಹೆಚ್ಚು ಬೇಕು, ಆ ಕಡಿಗೊಂದು, ಈ ಕಡಿಗೊಂದು. ಅದಕ್ಕs ಬೆಸಸಂಖ್ಯೆನೇ ಬರ್ತದ, ಚೌಕ ಚೌಕಾಗೇ ಉಳೀತದ."

ವಾದಿರಾಜ ಸರ್ ಯಾವಾಗಲೋ ನೆಲದ ಮೇಲೆ ಕೂತುಬಿಟ್ಟಿದ್ದರು.

"ಚುಕ್ಕಿ ರಂಗೋಲಿ ಹಾಕ್ದಂಗಾತಲ್ಲೋ!" ತುಂಗಾಬಾಯಿ ಬಗ್ಗಿ ನೋಡಿ ಅಂದರು. ಹಾಗಂದ ಮೇಲೆ ಅವರಿಗೆ ನಡೆದದ್ದು ಪೂರ್ತಿ ಅರ್ಥವಾಗಿ ತಟ್ಟೆ ಕೆಳಗಿಟ್ಟರು. "ಅಯ್ಯ ನನ್ನಪ್ಪಾ... ನಿನ್ನಿಯಿಂದ ಇದಕ್ಕ ಮೂರು ಸಲ ನಮಸ್ಕಾರ ಮಾಡೀನಲ್ಲೋ ವಿಶ್ವೇಶ. ನಿನ್ನ ಬುದ್ಧಿ ಅಂತ."

ವಿಶ್ವೇಶ ಅಳತೊಡಗಿದ. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಕಣ್ಣೀರು ಬಿದ್ದು ಅಂಟಾಯಿತು. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ.

"ಇದನ್ನ ಎಲ್ಲಿ ನೋಡಿದ್ಯಮ್ಮಾ?" ಸರ್ ಕೇಳಿದರು.

"ಎಲ್ಲೂ ಇಲ್ಲ ಸರ್. ನಮ್ಮಪ್ಪ ಪೆಟ್ಟಿಗಿ ಮೂಲಿಗೆ ಮೊಳಿ ಹಿಂಗs ಹೊಡೀತಾನ."

ಸರ್ ಕಾಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಚಂದ ಅದ. ಚಂದ ಇದ್ರೂ ತಪ್ಪು ತಪ್ಪೇ. ಈ ನಾಲ್ಕೂ ರದ್ದು. ನಿನ್ನದು ಇನ್ನೂ ಕೊಟ್ಟಿಲ್ಲ, ಅದೂ ಮನಿಯಿಂದ ತರಬ್ಯಾಡ. ಐದೂ ಮಂದಿ ಗುರುವಾರ ನನ್ನ ಕಣ್ಣೆದುರು ಕೂತು ಬರೀಬೇಕು, ಬಂದಷ್ಟು ಅಂಕ. ಯೂನಿವರ್ಸಿಟಿಗೆ ಈ ಐದು ತಡ ಅಂತ ನಾ ತಿಳಿಸ್ತೀನಿ. ನಾಳೆ ಹನ್ನೊಂದಕ್ಕ ಪಾಲಕರನ್ನ ಕರ್ಕೊಂಡು ಬರ್ರಿ."

"ಸರ್, ನಮ್ಮಪ್ಪನ್ನ ಬ್ಯಾಡ್ರಿ," ದಿಲ್ಶಾದ್ ಅಂದಳು. "ಬೇಕಾದ್ರ ನನಗ ಸೊನ್ನಿ ಹಾಕ್ರಿ. ದೂರು ಅಂತ ಕಿವಿಗೆ ಬಿದ್ರ ಅಬ್ಬಾ ಓದು ಬಿಡಿಸ್ತಾನ."

"ಐದೂ ಮಂದಿ ಪಾಲಕರು ಅಂದೀನಿ. ಒಬ್ಬರಿಗೊಂದು ಒಬ್ಬರಿಗೊಂದು ಹ್ಯಾಂಗ ಮಾಡ್ಲಿ?" ಎಂದವರು ಮಗನ ಕಡೆ ನೋಡಿದರು. "ಅದರಾಗ ಒಬ್ಬ ನಾನs ಅದೀನಿ."

ತಿರುಗಿ ಬರುವಾಗ ಬಸ್ಸಿನಲ್ಲಿ ದಿಲ್ಶಾದಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯ ಬದಿ ಸೆಕೆ ಎಂದಳು, ಈಚೆಗೆ ಬಂದರೆ ಗಾಳಿಯಿಲ್ಲ ಎಂದಳು. ಅಜ್ಜಿ ಹೇಳಬಹುದು ಎಂದು ಆಸೆಯಿತ್ತು. ಅಪ್ಪನಿಗೆ ಅಜ್ಜಿಯ ಮಾತೆಂದರೆ ಮಾತು. ಉಮ್ಮೇ ಕುಲ್ಸುಮ್ ಆ ಆಸೆಯನ್ನು ಕಂಡವಳಂತೆ, "ನಾ ಜೋಡಿಗೆ ಬಂದೀನಿ, ಬಾಯಿಗೆ ಬಂದಿಲ್ಲ," ಎಂದು ಜಪಮಣಿ ತೆಗೆದಳು.

ಅಂಗಡಿಯಲ್ಲಿ ಗುಲಾಮ್ ದಸ್ತಗೀರ್ ಒಂದು ಟ್ರಂಕಿನ ಮೂಲೆಗೆ ಮೊಳೆ ಹೊಡೆಯುತ್ತಿದ್ದ. ಠಕ್ ಠಕ್ ಸಪ್ಪಳದ ನಡುವೆ ಅವಳು ಹೇಳಿದಳು.

"ಅಬ್ಬಾ, ನಾಳೆ ಹನ್ನೊಂದಕ್ಕ ಕಾಲೇಜಿಗೆ ಬಾ ಅಂದಾರ."

ಸುತ್ತಿಗೆ ನಿಲ್ಲಲಿಲ್ಲ. "ಯಾಕಂತ?"

"ತಪ್ಪು ಮಾಡೀನಿ. ಬ್ಯಾರೆಯವರ ಅಸೈನ್‌ಮೆಂಟು ನಾ ಬರದು ಕೊಟ್ಟೀನಿ."

ಸುತ್ತಿಗೆ ನಿಂತಿತು. ಅಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದು ಡಬ್ಬಿಗೆ ಹಾಕಿದ. ಏನೋ ಹೇಳುತ್ತಾನೆಂದು ಅವಳು ಕಾದಳು. ಅವನು ಶಟರ್ ಎಳೆದು ಮನೆಗೆ ನಡೆದ. ಆ ಸಂಜೆ ಊಟಕ್ಕೆ ಕೂತಾಗಲೂ ಮಾತಿಲ್ಲ. ಅಂಗಡಿಯಲ್ಲಿ ಅರ್ಧ ಮಾಡಿಟ್ಟ ಆ ಪೆಟ್ಟಿಗೆ ಯಾರದೋ, ತನ್ನ ಪುಸ್ತಕಗಳಿಗೇ ಇರಬಹುದೋ ಎಂದು ಯೋಚಿಸುತ್ತ ಅವಳು ಅನ್ನ ಕಲಸುತ್ತಲೇ ಕೂತಳು.

ಸೋಮವಾರ ಅಪ್ಪ ಶುಕ್ರವಾರದ ನಮಾಜಿನ ಬಿಳಿ ಅಂಗಿ ತೊಟ್ಟ. ಏಳೂವರೆ ಬಸ್ಸಿಗೆ ರಾಯಚೂರಿಗೆ ಹೋದರು. ಅವನು ಮುಂದಿನ ಸೀಟಿನಲ್ಲಿ, ಅವಳು ಹಿಂದೆ. ಹನ್ನೊಂದಕ್ಕೆ ಸ್ಟಾಫ್ ರೂಮಿನ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಜಾಲಹಳ್ಳಿಯಿಂದ ಬಂದ ಸುಂಕಪ್ಪನ ಅಪ್ಪ, ಮಲ್ಲಿಕಾಳ ತಾಯಿ, ದುರುಗೇಶನ ಅಣ್ಣ ಸಾಲಾಗಿ ಕೂತಿದ್ದರು. ಗುಲಾಮ್ ದಸ್ತಗೀರ್ ತುದಿಯಲ್ಲಿ ಕೂತ. ಎದುರು ಗೋಡೆಯ ಬದಿಗೆ ಐವರೂ ವಿದ್ಯಾರ್ಥಿಗಳು ತಲೆ ತಗ್ಗಿಸಿ ನಿಂತರು.

ವಾದಿರಾಜ ಸರ್ ತಮ್ಮ ಕುರ್ಚಿಯಿಂದ ಎದ್ದರು. ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದರು, ಕೂಡಿಸಲಿಲ್ಲ, ಕಳೆಯಲಿಲ್ಲ. ಹೇಳಿ ಮುಗಿಸಿ, "ಇನ್ನ ನಾನೂ ಒಬ್ಬ ಪಾಲಕ," ಎಂದು ಬಂದು ಬೆಂಚಿನ ತುದಿಗೆ ನಿಂತರು. ಗುಲಾಮ್ ದಸ್ತಗೀರ್ ಸ್ವಲ್ಪ ಒಳಸರಿದು ಜಾಗ ಮಾಡಿದ. ಸರ್ ಕೂತರು.

"ನನ್ನ ಮಗ ಗಣಿತ ಬರಂಗಿಲ್ಲ ಅಂತ ನನ್ನ ಮುಂದ ಹೇಳಾಕ ಹೆದರಿದ," ಸರ್ ಅಂದರು, ಯಾರಿಗೆಂದಿಲ್ಲದೆ.

"ನನ್ನ ಮಗಳು ಬರ್ತದ ಅಂತ ಹೇಳಾಕ ಹೆದರಿರಬೇಕು," ಗುಲಾಮ್ ದಸ್ತಗೀರ್ ಅಂದ. ನಿನ್ನೆ ಸಂಜೆಯಿಂದ ಅವನ ಬಾಯಿಂದ ಬಂದ ಮೊದಲ ಮಾತು ಅದು. "ಎಲ್ಲಿ, ಆ ಹಾಳಿ ತೋರಿಸ್ರಿ."

ಸರ್ ಗಣಿತದ ಹಾಳೆ ಕೊಟ್ಟರು. ಅವನು ಮೊದಲು ಮೂಲೆ ನೋಡಿದ, ಬೆರಳಿನಿಂದ ಮುಟ್ಟಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಅವನ ಕಣ್ಣು ಚುಕ್ಕಿಗಳ ಚೌಕದ ಮೇಲೆ ನಿಂತಿತು. ಒಂದು ಚುಕ್ಕಿಯಿಂದ ಶುರು ಮಾಡಿ ಮೂಲೆ ಸುತ್ತಿ, ಮತ್ತೆ ಮೂಲೆ ಸುತ್ತಿ, ಉಗುರು ಹಾಳೆಯ ಮೇಲೆ ಹರಿದಾಡಿತು.

"ಇದು ನಮ್ಮ ಪೆಟ್ಟಿಗಿ ಮೂಲಿ ಅಲ್ಲೇನು?"

"ಹೌದಬ್ಬಾ."

"ನಾ ಮೊಳಿ ಹೊಡ್ಯಾಕತ್ತಾಗ ನೋಡ್ತಿದ್ದೇನು?"

"ದಿನಾ."

ಅವನು ಪಕ್ಕಕ್ಕೆ ತಿರುಗಿದ. "ಮಾಸ್ತರ, ಖರೇ ಹೇಳ್ರಿ. ಇದರಾಗ ಎಲ್ಲಾ ಸರಿ ಅದ?"

"ಎಲ್ಲಾ ಸರಿ ಅದ. ಹೆಸರೊಂದು ಬಿಟ್ಟು."

"ಹಂಗಾರ ಹೆಸರು ತಿದ್ದಿಸ್ರಿ."

"ತಿದ್ದಾಕ ಬರಂಗಿಲ್ಲ ಸಾಹೇಬ್ರ. ನಿಮ್ಮ ಮಗಳು ಬಿಎ ಹುಡುಗಿ, ಇದು ಬಿಎಸ್ಸಿದು. ಗುರುವಾರ ಆಕಿ ತನ್ನ ಕನ್ನಡದ್ದು ಬರೀಲಿ. ಲೆಕ್ಕಕ್ಕ ನನ್ನ ಕಡೆ ಬಂದ್ರ ಕಲಿಸ್ತೀನಿ, ಆದರ ಅದಕ್ಕ ಮಧ್ಯಾಹ್ನ ಮೂರರ ತನಕ ನಿಲ್ಲಬೇಕಾಗ್ತದ. ಸಂಜಿ ಆಗ್ತದ ಮನಿಗೆ ಬರೂದು."

ಗುಲಾಮ್ ದಸ್ತಗೀರ್ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಹಿ ಮಾಡಿ ಎಂದ ಕಡೆ ಸಹಿ ಮಾಡಿದ. ಹಾಳೆಯನ್ನು ತಿರುಗಿ ಕೊಡುವಾಗ ಮೇಜಿನ ಮೇಲೆ ಎಲ್ಲಕ್ಕಿಂತ ಮೇಲೆ ಇಟ್ಟ; ಅದರ ಮೇಲೆ ಇನ್ನೊಂದು ಕಟ್ಟು ಬೀಳಬಾರದೆಂದು ಒಂದು ಗಳಿಗೆ ನಿಂತು ನೋಡಿದ.

ತಿರುಗಿ ಬರುವ ಬಸ್ಸಿನಲ್ಲಿ ಜಾಗ ಸಿಕ್ಕದೆ ಇಬ್ಬರೂ ನಿಂತೇ ಬಂದರು. ದಿಲ್ಶಾದ್ ಮೇಲಿನ ಸರಳು ಹಿಡಿದು ಅಪ್ಪನ ಬೆನ್ನು ನೋಡುತ್ತಿದ್ದಳು. ಬಿಳಿ ಅಂಗಿ ಬೆವರಿಗೆ ಅಂಟಿತ್ತು. ಆ ಬೆನ್ನು ಏನನ್ನುತ್ತಿದೆ ಎಂದು ಓದಲು ನೋಡಿದಳು, ಓದಲಾಗಲಿಲ್ಲ. ಮಾನ್ವಿ ಬಂತು. ಇಳಿದರು. ಬಜಾರದ ತಿರುವಿನಲ್ಲಿ ಅವನು ಅಂಗಡಿಯ ಕಡೆಗೆ, ಅವಳು ಮನೆಯ ಕಡೆಗೆ ಹೋಗಬೇಕು. ಅವನು ನಾಲ್ಕು ಹೆಜ್ಜೆ ಹೋಗಿ ನಿಂತ.

"ಮೂರಕ್ಕ ಬಿಟ್ರ ಎಷ್ಟರ ಬಸ್ಸು ಅದ?"

"ಮೂರೂವರಿಗೆ ಒಂದದ ಅಬ್ಬಾ."

"ಅದರಾಗ ಕೂಡಾಕ ಜಾಗ ಸಿಗ್ತದೇನು, ಇವತ್ತಿನಂಗ ನಿಂತು ಬರಬೇಕೋ?"

"ಸಿಗ್ತದ."

"ಹೂಂ," ಎಂದ. ಜೇಬಿನಿಂದ ಅಂಗಡಿಯ ಬೀಗದಕೈ ತೆಗೆದು ತಿರುವುತ್ತ ನಡೆದುಹೋದ. ಸ್ವಲ್ಪ ಹೊತ್ತಿಗೆ ಬಜಾರದ ಗದ್ದಲದೊಳಗಿಂದ ಠಕ್ ಠಕ್ ಎಂದು ಸುತ್ತಿಗೆಯ ಸಪ್ಪಳ ಕೇಳಿಸಿತು. ದಿಲ್ಶಾದ್ ಇನ್ನೂ ತಿರುವಿನಲ್ಲೇ ನಿಂತು, ಬೆರಳು ಮಡಚಿ, ಒಂದಾದ ಮೇಲೆ ಮೂರು ಏಟು ಬೀಳುತ್ತವೆಯೇ, ಆಮೇಲೆ ಐದೇ ಎಂದು ಎಣಿಸತೊಡಗಿದಳು.